ಮನೆಮನೆಗೂ ಇರುವ ನಂಬರು

ಸೋಮವಾರ ಬೆಳಿಗ್ಗೆ ಅರಸೀಕೆರೆಯ ಶಿವಲೀಲಾ ಠಾಣೆಗೆ ಬಂದು ದೂರು ಕೊಟ್ಟಳು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಕೆಗೆ ನರ್ಸ್ ಕೆಲಸ ಸಿಕ್ಕಿತ್ತು. ‘ನನಗೆ ಈ ಕೆಲಸ ಬೇಡ’ ಎಂದು ಆಕೆಯದೇ ಮೇಲ್‌ನಿಂದ ಯಾರೋ ಅಲ್ಲಿಗೆ ಬರೆದು ಕಳಿಸಿದ್ದರು. ಅದು ಸುಳ್ಳೆಂದು ಶುಕ್ರವಾರದೊಳಗೆ ಪೊಲೀಸರು ಪತ್ರ ಕೊಡದಿದ್ದರೆ ಆ ಜಾಗ ಬೇರೆಯವರ ಪಾಲು.

ಪಿಎಸ್‌ಐ ಗೀತಾಂಜಲಿ ಎಫ್‌ಐಆರ್ ದಾಖಲಿಸಿದರು. “ಪಾಸ್‌ವರ್ಡ್ ಯಾರಿಗೆ ಗೊತ್ತೈತಮ್ಮ?”

“ಆನ್‌ಲೈನ್ ಅಂಗಡಿ ಮಾರಣ್ಣಗ ರೀ. ಅರ್ಜಿ ಹಾಕಾಕ ಹೋದೋರು ಎಲ್ಲಾರೂ ಆತಗ ಹೇಳ್ತಾರ.”

ಹೆಡ್ ಕಾನ್‌ಸ್ಟೆಬಲ್ ಹುಲುಗಪ್ಪನಿಗೆ ಅಷ್ಟು ಸಾಕಾಯಿತು. ಮೇಲ್‌ನ ಒಳವಿವರ ತೆಗೆದು ನೋಡಿದ. ಕಳಿಸಿದ ಕಂಪ್ಯೂಟರಿನ ವಿಳಾಸವೆಂದು 192.168.1.5 ಎಂಬ ಸಂಖ್ಯೆ ಇತ್ತು. ಪಂಚರನ್ನು ಕರೆದುಕೊಂಡು ಮಾರಣ್ಣನ ಅಂಗಡಿಗೆ ಹೋಗಿ ಆತನ ಕಂಪ್ಯೂಟರಿನ ವಿಳಾಸ ತೆಗೆಸಿದರೆ ಅಲ್ಲೂ ಅದೇ ಸಂಖ್ಯೆ! ಪಂಚನಾಮೆ ಮುಗಿಸಿ ಮಾರಣ್ಣನನ್ನು ಠಾಣೆಗೆ ತಂದು ಕೂರಿಸಿದ. ಊರ ಬಾಯಿಗೆ ಇನ್ನೇನು ಬೇಕು? ಸಂಜೆಯೊಳಗೆ ಅಂಗಡಿಯ ಬೋರ್ಡಿಗೆ ಸೆಗಣಿ ಬಿದ್ದಿತ್ತು.

“ನಾನಲ್ಲ ಮೇಡಂ” ಎಂದು ಮಾರಣ್ಣ ಒಂದೇ ಸಲ ಹೇಳಿದ. ಗೀತಾಂಜಲಿಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಜಿಲ್ಲಾ ಸೈಬರ್ ವಿಭಾಗದ ಕ್ರಾಂತಿಕುಮಾರನಿಗೆ ಫೋನ್ ಹಚ್ಚಿ ಆ ಸಂಖ್ಯೆ ಓದಿ ಹೇಳಿದರು.

“ಅದು ಮನಿ ಒಳಗಿನ ನಂಬರ್ ರೀ ಮೇಡಂ, ಮನಿಮನಿಗೂ ಇರ್ತೈತಿ. ಬೇಕಾದ್ರ ನಿಮ್ಮ ಕಂಪ್ಯೂಟರ್‌ದಾಗೂ ನೋಡ್ರಿ. ಮೇಲ್‌ದಾಗ ಅದರ ಕೆಳಗ ಇನ್ನೊಂದು ನಂಬರ್ ಐತಲ್ಲ, ಅದು ಹೊರಗಿಂದು. ಇಂಟರ್ನೆಟ್ ಕಂಪನಿಯೋರಿಗೆ ಅದನ್ನ ಕೇಳ್ರಿ.”

ಠಾಣೆಯ ಕಂಪ್ಯೂಟರಿನಲ್ಲಿ ನೋಡಿದರು. ಅಲ್ಲೂ 192.168.1.5.

“ಹಂಗಾದ್ರ ನಾವೂ ಆರೋಪಿಗಳೇನ್ರಿ?” ಎಂದ ಹುಲುಗಪ್ಪನ ಮುಖ ಹುಳಿಮಜ್ಜಿಗೆ ಕುಡಿದಂತಾಗಿತ್ತು. ಗೀತಾಂಜಲಿಯೇ ಮಾರಣ್ಣನನ್ನು ಬಾಗಿಲ ತನಕ ಬಿಟ್ಟುಬಂದರು. ತಪ್ಪಾಯಿತು ಎನ್ನುವಾಗ ನಾಚಿಕೆಯಿಂದ ಆತನ ಮುಖ ನೋಡಲಾಗಲಿಲ್ಲ.

ಗುರುವಾರ ಕಂಪನಿಯ ಉತ್ತರ ಬಂತು. ಸಂಪರ್ಕ ಅರಸೀಕೆರೆಯ ಅಜ್ಜಯ್ಯನ ಹೆಸರಿನಲ್ಲಿದೆ. ಅಜ್ಜಯ್ಯ ಎಂದರೆ ಶಿವಲೀಲಾಳ ಅಪ್ಪ.

ಜೀಪು ಹೋದಾಗ ಅಜ್ಜಯ್ಯ ಕುರಿ ಹೊಡೆದುಕೊಂಡು ಹೋಗಿದ್ದ. ಮನೆಯಲ್ಲಿ ಶಿವಲೀಲಾ ಮತ್ತು ಅಕ್ಕ ಸುಕನ್ಯಾ ಇದ್ದರು. ಗಂಡ ತೀರಿಕೊಂಡ ಮೇಲೆ ಸುಕನ್ಯಾ ತವರಿನಲ್ಲೇ ಉಳಿದವಳು.

“ಮೇಲ್ ಹೋದ ದಿನ ಮಧ್ಯಾಹ್ನ ಮನ್ಯಾಗ ಯಾರಿದ್ರಿ?”

“ನಾನೊಬ್ಬಾಕಿ” ಎಂದಳು ಸುಕನ್ಯಾ. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ತಾನೇ ಕೈಗಿಟ್ಟಳು. “ತಂಗಿ ಮೇಲ್ ಇದ್ರಾಗ ಯಾವಾಗ್ಲೂ ತೆರದಽ ಇರ್ತೈತಿ. ನಾನಽ ಕಳಿಸೀನ್ರಿ.”

ಶಿವಲೀಲಾ ಗೀತಾಂಜಲಿಯ ಕೈ ಹಿಡಿದುಕೊಂಡಳು. “ದೂರು ವಾಪಸ್ ತಗೋತೀನ್ರಿ ಮೇಡಂ! ನನ್ನಕ್ಕ ರೀ ಆಕಿ!”

“ಮತ್ತ ಮಾರಣ್ಣನ ಹೆಸರು ಯಾರು ತೊಳೀಬೇಕಮ್ಮ?”

ಅಂದೇ ಆಸ್ಪತ್ರೆಗೆ ಪತ್ರ ಹೋಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಸುಕನ್ಯಾಳ ಬಂಧನವೂ ಆಯಿತು.

ಠಾಣೆಯಲ್ಲಿ ಗೀತಾಂಜಲಿ ಕೇಳಿದರು, “ಯಾಕ ಮಾಡಿದಿ?”

“ಗಂಡ ಸತ್ತಾಕಿ ಅಂತ ಓಣ್ಯಾಗ ಯಾರೂ ನನ್ನ ಕರಿಯಂಗಿಲ್ರಿ. ನಾ ಹೋದ್ರ ಹೆಣ್ಮಕ್ಕಳು ಮಾತು ನಿಲ್ಲಸ್ತಾರ. ನನ್ನ ಜೋಡಿ ನಗಾಕಿ ತಂಗಿ ಒಬ್ಬಾಕೀನಽ ಇದ್ಲು. ಆಕೀನೂ ಹೊಂಟ್ಲು.”

ಹುಲುಗಪ್ಪ ಪೆನ್ನು ಹಿಡಿದು ಕೂತಿದ್ದ. “ಕಾರಣ ಏನಂತ ಬರೀಲ್ರಿ ಮೇಡಂ? ಹೊಟ್ಟಿಕಿಚ್ಚು ಅಂತ ಹಾಕ್ಲೇನ್ರಿ?”

“ಬ್ಯಾಡ. ಆಕಿ ಹೇಳಿದ್ದನ್ನಽ ಬರಿ” ಎಂದರು ಗೀತಾಂಜಲಿ.