ಮಾಳವ್ವ ಮಾರಲೊಲ್ಲದ ಸೆಟ್ಟು

ಕಾರಹುಣ್ಣಿಮೆಯ ಮಾರನೇ ದಿನ ಜವರಪ್ಪ ಮಗ್ಗಿ ಅರ್ಧಕ್ಕೇ ಬಿಟ್ಟು, ಮಠದ ಶಾಲೆಯ ಕಿಟಕಿ ಹಾರಿ ಹೋದ. ಆಮೇಲೆ ಯಾವ ಊರಲ್ಲೂ ಅವನ ಕಾಲು ನಿಲ್ಲಲಿಲ್ಲ. ದೊಡ್ಡವನಾಗಿ, ಹಳೇ ರೇಡಿಯೋ ಸೆಟ್ಟುಗಳನ್ನು ಕತ್ತೆಯ ಮೇಲೆ ಹೇರಿ ಮಾರುತ್ತಾ ತಿರುಗಿದ. ಹಾಡು ಕೇಳುವ ಸೆಟ್ಟಲ್ಲ ಅವು. ಗುಂಡಿ ಒತ್ತಿ ಮಾತಾಡಿ, ಗುಂಡಿ ಬಿಟ್ಟು ಕೇಳುವಂಥವು.

ಬಹಳ ಹಿಂದಿನ ಮಾತು. ಹೀಗೇ ತಿರುಗುತ್ತಾ ಅವನು ಮುಗಿಲಗಿರಿ ಎಂಬ ರಾಜ್ಯಕ್ಕೆ ಬಂದ. ಅಲ್ಲಿ ಹಳೇ ಸೆಟ್ಟುಗಳಿಗೇ ಒಂದು ಸಂತೆ. ಸಂತೆಗೊಂದು ಕಟ್ಟಳೆ: ಕೊಳ್ಳುವವನು ಸೆಟ್ಟಿನಲ್ಲಿ ಕೂಗಬೇಕು, ಎಲ್ಲಿಂದಲೋ ಯಾರೋ ಮರುಮಾತಾಡಬೇಕು, ಅದಕ್ಕೆ ಕೊಳ್ಳುವವನೇ ಮೊದಲು 'ಓ' ಅನ್ನಬೇಕು. ಅಲ್ಲಿಯವರೆಗೆ ಆನೆ ಎಳೆದರೂ ಸೆಟ್ಟು ಚಾಪೆ ಬಿಟ್ಟು ಏಳುವುದಿಲ್ಲ.

ಮಾಳವ್ವ ಎಂಬ ಹೆಂಗಸು ಸೆರಗಿನಡಿ ಒಂದು ಸೆಟ್ಟು ಹಿಡಿದು, ಚಾಪೆ ಹಾಸಿ ಕೂತಿದ್ದ ಜವರಪ್ಪನ ಬಳಿ ಬಂದಳು.

"ನಿನ್ನ ಚಾಪೆ ಮೇಲೆ ಇಟ್ಕೊಳಪ್ಪಾ. ಊರಿನ ಸೆಟ್ಟೆಲ್ಲಾ ಕರ್ಕೋಟ ಮಾಂತ್ರಿಕನಿಗೇ ಮಾರಬೇಕಂತೆ. ಅವನ ಕೇಡು ಹೊರಗಿನ ರಾಜರಿಗೆ ಗೊತ್ತಾಗಬಾರದಲ್ಲ! ಮಾರದಿದ್ರೆ ನನ್ನನ್ನೂ ಕಲ್ಲು ಮಾಡ್ತಾನಂತೆ."

"ಮಾರೋಕೆ ಮನಸ್ಸಿಲ್ವೇನಕ್ಕ?"

"ಅವನ ಮಾಟಕ್ಕೆ ನನ್ನ ತಮ್ಮ ಸಣ್ಣಿಂಗ ಊರವರ ಜೊತೆ ಗುಡ್ಡದ ಮೇಲೆ ಕಲ್ಲಾಗಿ ನಿಂತವ್ನೆ. ಅವನ ದನಿ ಇದರಲ್ಲೇ ಬತ್ತದೆ. ನಾನು ಓಗೊಟ್ಟರೆ ಕಲ್ಲು ಕರಗಾಕಿಲ್ಲ. ಕಲ್ಲು ಮಾಡಿದವನೇ ಓಗೊಡಬೇಕು, ಆಗ ಮಾಟವೆಲ್ಲಾ ಅವನಿಗೇ ತಿರುಗ್ತದೆ. ಆ ಪಾಪಿ ಯಾರ ಮಾತು ಕೇಳಿಸ್ಕೊಂಡವ್ನೆ? ಕಲ್ಲಿಗೆ ದನಿ ಐತೆ ಅಂತಲೂ ಅವನಿಗೆ ತಿಳೀದು."

ಜವರಪ್ಪ ಗಡ್ಡ ಕೆರೆದುಕೊಂಡ. "ಇಡಕ್ಕ ಇಲ್ಲಿ. ನೀನು ಮಾತ್ರ ಬಾಯಿ ಬಿಡಬೇಡ."

ಮೂರು ಕೊಂಬಿನ ಕೋಣದ ಮೇಲೆ ಮಾಂತ್ರಿಕ ಬಂದ. ಮಾಳವ್ವನ ಸೆಟ್ಟಿಗೆ ಕೋಣ ಕಟ್ಟಿ ಎಳೆಸಿದ. ಕೋಣದ ಕೊಂಬು ಮುರಿಯಿತು, ಸೆಟ್ಟು ಏಳಲಿಲ್ಲ. ಮಂತ್ರ ಹಾಕಿದ. ಪಕ್ಕದಲ್ಲಿದ್ದ ಕತ್ತೆ ನವಿಲಾಯಿತು, ಸೆಟ್ಟು ಏಳಲಿಲ್ಲ. ಕೊನೆಗೆ ಕಟ್ಟಳೆಯಂತೆ ಗುಂಡಿ ಒತ್ತಿ ಕಿರುಚಿದ. "ಯಾರೋ ಅಲ್ಲಿ? ನಾನು ಕರ್ಕೋಟ! ನಾನು ಮಹಾಮಾಂತ್ರಿಕ! ನಾನು..."

"ಸ್ವಾಮಿ, ಗುಂಡಿ ಬಿಡಿ," ಎಂದ ಜವರಪ್ಪ. "ಒತ್ಕೊಂಡೇ ಇದ್ರೆ ಆ ಕಡೆಯವರು ಬಾಯಿ ಬಡ್ಕೊಂಡ್ರೂ ಕೇಳಾಕಿಲ್ಲ."

ಸಂತೆಯೆಲ್ಲ ಕಿಸಕ್ಕೆಂದಿತು. ಮಾಂತ್ರಿಕ ಹಲ್ಲು ಕಡಿಯುತ್ತಾ ಗುಂಡಿ ಬಿಟ್ಟ.

"ನಾನಿಲ್ಲಿದ್ದೀನಿ," ಎಂದಿತು ಸಣ್ಣ ದನಿ. "ಬಾಳ ಚಳಿ. ಯಾರಪ್ಪಾ ಅದು, ಕೇಳಿಸ್ತಾ?"

ಮಾಳವ್ವ ಮೊದಲು ಓಗೊಟ್ಟರೆ ಎಲ್ಲಾ ಹಾಳು. ಸೆರಗನ್ನು ಬಾಯಿಗೆ ತುರುಕಿ ಕಚ್ಚಿಕೊಂಡಳು.

"ಓ! ಕೇಳಿಸ್ತು ಕಣೋ!" ಎಂದು ಮಾಂತ್ರಿಕ ಗುಂಡಿ ಒತ್ತಿ ಅರಚಿದ. "ಸೆಟ್ಟು ನಂದು!"

ಗುಡ್ಡದ ಕಲ್ಲುಗಳೆಲ್ಲ ಮೈ ಮುರಿದು ಎದ್ದವು. ನವಿಲು ಮತ್ತೆ ಕತ್ತೆಯಾಗಿ ಒದರಿತು. ಮಾಂತ್ರಿಕ ಬಾಯಿ ತೆರೆದಂತೆಯೇ ಕಲ್ಲಾದ. ಸಣ್ಣಿಂಗ ಓಡಿ ಬಂದು ಅಕ್ಕನ ಮಡಿಲಿಗೆ ಬಿದ್ದ. ಆ ಸಂಜೆ ಮುಗಿಲಗಿರಿಯ ಎಲ್ಲಾ ಮನೆಯಲ್ಲೂ ಒಲೆ ಹೊತ್ತಿತು, ಊಟದ ಎಲೆಗಳ ಸಾಲು ಬೀದಿಯವರೆಗೆ ಬಂತು. ಆಮೇಲೆ ಆ ರಾಜ್ಯದವರು ನೂರು ಕಾಲ ನೆಮ್ಮದಿಯಾಗಿ ಬಾಳಿದರು.

ಬೆಳಗ್ಗೆ ಜವರಪ್ಪ ಉಳಿದ ಸೆಟ್ಟುಗಳನ್ನು ಗೋಣಿಯಲ್ಲಿ ಸುತ್ತತೊಡಗಿದ.

"ಇಲ್ಲೇ ಇರಣ್ಣ," ಎಂದ ಸಣ್ಣಿಂಗ.

"ರೊಟ್ಟಿ ಬೇಯೋವರೆಗಾದ್ರೂ ಕೂತ್ಕೊಳಪ್ಪಾ," ಎಂದಳು ಮಾಳವ್ವ.

"ಕಟ್ಟಿಕೊಡಕ್ಕ, ದಾರೀಲಿ ತಿಂತೀನಿ," ಎನ್ನುತ್ತಾ ಅವನು ಕತ್ತೆಯ ಹೊಟ್ಟೆಯಡಿ ಹಗ್ಗ ಬಿಗಿದ.