ಮರುಳಸಿದ್ಧನ ಕಾರಿಗೆ ಒಲವುತೆರಿಗೆ

ಒಂದಾನೊಂದು ಕಾಲದಲ್ಲಿ, ಅಂದರೆ ಇನ್ನೂ ಬಾರದ ಒಂದು ಕಾಲದಲ್ಲಿ, ಅರಸೀಕೆರೆ ಎಂಬ ಊರಿತ್ತು. ಅಜ್ಜಿ ಹೇಳುವ ಕಥೆಯ ರಾಕ್ಷಸ ತನ್ನ ಜೀವವನ್ನು ಏಳು ಸಮುದ್ರದಾಚೆಯ ಗಿಳಿಯೊಳಗೆ ಬಚ್ಚಿಟ್ಟಿರುತ್ತಾನಲ್ಲ, ಹಾಗೆ ಆ ಊರಿನ ಕೆಲವರು ತಮ್ಮ ಜೀವವನ್ನು ಕಾರಿನೊಳಗೆ ಇಟ್ಟುಕೊಂಡಿದ್ದರು. ಕಥೆಯಲ್ಲಿ ಗಿಳಿಯ ಕತ್ತು ಹಿಸುಕಲು ರಾಜಕುಮಾರ ಬರುತ್ತಾನೆ. ಇಲ್ಲಿ ಬಂದದ್ದು ಅಂಗೈಯಗಲದ ಒಂದು ಬೂದುಬಣ್ಣದ ಪಟ್ಟಿ.

ತಾಲ್ಲೂಕು ಕಚೇರಿಯ ಅಂಗಳದಲ್ಲಿ ನಿಂತಿದ್ದ ಹಳೆಯ ಬಿಳಿ ಅಂಬಾಸಡರ್ ಕಾರಿನ ಸ್ಟೇರಿಂಗಿಗೆ ಆ ಪಟ್ಟಿಯನ್ನು ಸುತ್ತಿ, ಗುಮಾಸ್ತ ರೇವಣ್ಣ ಹೇಳಿದ: "ಎರಡೂ ಕೈ ಇಡಮ್ಮ. ಕಣ್ಣು ಮುಚ್ಚಬೇಡ. ಉಸಿರು ಬಿಗಿ ಹಿಡೀಬೇಡ."

ಸರ್ವಮಂಗಳ ಕೈಯಿಟ್ಟಳು. ತೀರಿಹೋದ ಗಂಡ ಮರುಳಸಿದ್ಧನ ಹೆಬ್ಬೆರಳು ತಿಕ್ಕಿ ತಿಕ್ಕಿ ನುಣುಪಾದ ಜಾಗಕ್ಕೇ ಅವಳ ಹೆಬ್ಬೆರಳು ಹೋಗಿ ಕೂತಿತು. ರೇವಣ್ಣನ ಪರದೆಯ ಮೇಲೆ ಅಂಕಿ ಸರಸರನೆ ಏರಿತು.

"ತೊಂಬತ್ತೊಂದು! ಏನಮ್ಮಾ, ಇದು ಕಾರೋ ಗಂಡನೋ?"

ಸಾಲಿನಲ್ಲಿದ್ದವರು ನಕ್ಕರು.

"ಗಂಡಂದೇ," ಎಂದಳು ಸರ್ವಮಂಗಳ. ಆಮೇಲೆ ಯಾರೂ ನಗಲಿಲ್ಲ.

ಆ ಪಟ್ಟಿಯ ಹೆಸರು ಒಲವುಮಾಪಕ. ಅದು ಬರುವ ಮುಂಚೆಯೂ ಕಾರುಗಳಿಗೆ ವರ್ಷಕ್ಕೊಮ್ಮೆ ಸ್ವತ್ತಿನ ತೆರಿಗೆ ಇತ್ತು. ಕಾರಿನ ಬೆಲೆ ನೋಡಿ ತೆರಿಗೆ ಹಾಕುತ್ತಿದ್ದರು. ಆದರೆ ಮೂವತ್ತು ಕಾರು ಇಟ್ಟುಕೊಂಡವರು ಅವೆಲ್ಲ ಗುಜರಿ ಎಂದು ಪತ್ರ ತಂದು ತೋರಿಸುತ್ತಿದ್ದರು. ಬೇಸತ್ತ ಸರ್ಕಾರ ಡಾ. ಪರಶಿವಮೂರ್ತಿಗಳನ್ನು ಕೇಳಿತು. ಅವರು ಹೇಳಿದ್ದು ಇಷ್ಟೇ: ಯಾವ ವಸ್ತುವಿನ ನಿಜವಾದ ಬೆಲೆಯೂ ಪೇಟೆಯಲ್ಲಿಲ್ಲ, ಅದರ ಒಡೆಯನ ಅಂಗೈಯಲ್ಲಿದೆ. ಪ್ರಿಯವಾದದ್ದನ್ನು ಮುಟ್ಟಿದಾಗ ಮನುಷ್ಯನ ಚರ್ಮದಲ್ಲಿ ಬೆವರು ತುಸು ಒಸರುತ್ತದೆ, ರಕ್ತದ ಬಡಿತ ಬದಲಾಗುತ್ತದೆ, ಬೆರಳ ತುದಿ ಬೆಚ್ಚಗಾಗುತ್ತದೆ. ಈ ಮೂರನ್ನೂ ಕೂಡಿಸಿ ಅಳೆದರೆ ಸುಳ್ಳು ಹೇಳಲಾಗದು.

ಕಾನೂನು ಬಂತು. ಅಂಕಿ ಏರಿದಷ್ಟೂ ತೆರಿಗೆ ಏರುತ್ತದೆ. ತೆರಿಗೆ ಕಟ್ಟದ ಕಾರು ತಾಲ್ಲೂಕಿನ ಗಡಿ ದಾಟುವಂತಿಲ್ಲ. ಮರುವರ್ಷವೂ ಕಟ್ಟದಿದ್ದರೆ ಕಾರು ಸರ್ಕಾರದ ಪಾಲು. ಅಳೆಯುವ ದಿನವನ್ನು ಯಾರೋ ಜಾಣ ಅಧಿಕಾರಿ ಆಯುಧಪೂಜೆಯ ಮಾರನೆಯ ದಿನಕ್ಕೇ ಇಟ್ಟಿದ್ದ. ಕಾರು ತೊಳೆದು, ಬಾಳೆಕಂದು ಕಟ್ಟಿ, ಗಾಲಿಗೆ ನಿಂಬೆಹಣ್ಣಿಟ್ಟು ಕೈಮುಗಿದವರ ಅಂಗೈಯಲ್ಲಿ ಒಲವು ಇನ್ನೂ ಆರಿರುವುದಿಲ್ಲ ಎಂಬುದು ಅವನ ಲೆಕ್ಕ.

ಡಾ. ಪರಶಿವಮೂರ್ತಿಗಳು ಅಂದು ತಮ್ಮ ಯಂತ್ರವನ್ನು ನೋಡಲು ಅರಸೀಕೆರೆಗೇ ಬಂದಿದ್ದರು. ಬೇವಿನ ಮರದ ಕೆಳಗೆ ಕೂತಿದ್ದ ಅವರ ಮುಂದೆ ಸರ್ವಮಂಗಳ ಹೋಗಿ ನಿಂತಳು.

"ಸ್ವಾಮಿ, ಇಷ್ಟೊಂದು ನನ್ನ ಕೈಲಿ ಕಟ್ಟೋಕಾಗಲ್ಲ. ಕಾರನ್ನ ಮಾರೋಕೂ ಆಗಲ್ಲ. ಅವರಿಗೆ ಮಾತು ಕೊಟ್ಟಿದೀನಿ."

"ಏನೆಂದು?"

"ಜೀವಮಾನವೆಲ್ಲ ಬಾಡಿಗೆ ಹೊಡೆದ್ರು. ಯಾರ್ಯಾರನ್ನೋ ಸಮುದ್ರಕ್ಕೆ ಕರ್ಕೊಂಡು ಹೋದ್ರು. ನನ್ನನ್ನ ಮಾತ್ರ ಮುಂದಿನ ತಿಂಗಳು, ಮುಂದಿನ ತಿಂಗಳು ಅಂದ್ರು. ಸಾಯೋವಾಗ ಕೈ ಹಿಡ್ಕೊಂಡು ಹೇಳಿದ್ರು, 'ನೀನೇ ಓಡಿಸಿಕೊಂಡು ಹೋಗೇ. ಗಾಡಿ ಮುಂದಿನ ಗಾಲಿ ಸಮುದ್ರದ ನೀರಲ್ಲಿ ನೆನೀಬೇಕು.' ಹೂಂ ಅಂದೆ."

ವಿಜ್ಞಾನಿ ಕನ್ನಡಕ ತೆಗೆದರು. "ಒಲವು ಇಳಿದರೆ ತೆರಿಗೆಯೂ ಇಳಿಯುತ್ತದಮ್ಮ."

"ಇಳಿಸೋದು ಹೆಂಗೆ?"

"ಅದು ನನ್ನ ಶಾಸ್ತ್ರದಲ್ಲಿಲ್ಲ. ನಾನು ಅಳೆಯುವವನು."

"ನಿಮ್ಮ ಕಾರಿಗೆ ಎಷ್ಟು ಬಂತು?"

ಅವರು ಕನ್ನಡಕ ಒರೆಸುತ್ತ ಹೇಳಿದರು: "ಸೊನ್ನೆ. ಅದು ಯಾವ ಬಣ್ಣದ್ದು ಅನ್ನೋದೇ ನನಗೆ ಸರಿಯಾಗಿ ನೆನಪಿರುವುದಿಲ್ಲ."

ಮೂವತ್ತು ಕಾರಿನವರಿಗೂ ಅಂದು ಸೊನ್ನೆಯೇ ಬಂದಿತ್ತು.

ಆ ವರ್ಷ ಊರಿನಲ್ಲಿ ವಿಚಿತ್ರಗಳು ಶುರುವಾದವು. ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯವನು ಎಲ್ಲಿಂದಲೋ ಒಂದು ಒಲವುಮಾಪಕ ತಂದಿಟ್ಟು, 'ಒಲವು ಇಳಿಸುವ ತರಬೇತಿ, ಹೆಂಗಸರಿಗೆ ಪ್ರತ್ಯೇಕ' ಎಂದು ಬೋರ್ಡು ಹಾಕಿದ. ಜನ ತಮ್ಮ ಕಾರುಗಳಿಗೆ ದಿನಾ ಬೆಳಿಗ್ಗೆ ಒದ್ದು ಕೆಲಸಕ್ಕೆ ಹೋಗತೊಡಗಿದರು. ಹಸುಗೂಸಿಗೆ ದೃಷ್ಟಿಯಾಗದಿರಲೆಂದು ತಿಪ್ಪ, ಕಸವ ಎಂದು ಕರೆದಂತೆ ಕಾರುಗಳನ್ನು ದರಿದ್ರ, ಅನಿಷ್ಟ ಎಂದು ಕರೆದರು. ಯಂತ್ರಕ್ಕೆ ಮಾತು ಕೇಳಿಸುವುದಿಲ್ಲ. ಅದು ಮತ್ತೆ ಮತ್ತೆ ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು.

ಸರ್ವಮಂಗಳಳ ಪಕ್ಕದ ಮನೆಯ ಶಮೀಮಕ್ಕ ಸರ್ಕಾರಿ ಬಸ್ಸು ಓಡಿಸಿ ನಿವೃತ್ತಳಾದವಳು. ಕೆರೆ ಬಯಲಿನಲ್ಲಿ ಸರ್ವಮಂಗಳಳಿಗೆ ಕಾರು ಕಲಿಸಿದ್ದು ಅವಳೇ. "ಕ್ಲಚ್ಚು ಬಿಡೇ ನಿಧಾನ, ಕಪ್ಪೆ ಹಂಗೆ ನೆಗೆಸಬೇಡ," ಎಂದು ಬೈಯುತ್ತ ಕಲಿಸಿದಳು. ಉಪಾಯ ಹೇಳಿದ್ದೂ ಅವಳೇ.

"ಹಿಂದಿನ ಸೀಟಲ್ಲಿ ಕೋಳಿ ಕೂಡು. ಹಿಕ್ಕೆ ವಾಸನೆಗೆ ಯಾವ ಪ್ರೀತಿ ಉಳಿಯುತ್ತೆ?"

ಕೋಳಿ ಕೂಡಿದಳು. ಹದಿನೈದು ದಿನ ಕಳೆದು ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿದರೆ ಅಂಕಿ ತೊಂಬತ್ತೈದು!

"ಏನೇ ಮಾಡಿದೆ?" ಶಮೀಮಕ್ಕ ಕೇಳಿದಳು.

"ಅವರು ಕೂರೋ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಟ್ಟಿತ್ತು ಕಣಕ್ಕ. ಅವರಿದ್ದಿದ್ರೆ ಅದರ ಹತ್ರಾನೂ ಬಾಡಿಗೆ ಕೇಳ್ತಿದ್ರು ಅನ್ನಿಸ್ತು. ನಗು ಬಂದುಬಿಡ್ತು."

"ಪ್ರೀತಿ ಕಾರಿನ ಮೇಲಲ್ಲ ಇರೋದು," ಎಂದಳು ಶಮೀಮಕ್ಕ. "ಅವನ ಮೇಲಿಂದ ಇಳಿಸಬೇಕು. ಆಗುತ್ತಾ ನಿನ್ನ ಕೈಲಿ?"

ಅಂದಿನಿಂದ ಸರ್ವಮಂಗಳ ಸಂಜೆ ದೀಪ ಹಚ್ಚಿದ ಮೇಲೆ ಕಾರಿನಲ್ಲಿ ಹೋಗಿ ಕೂರುತ್ತಿದ್ದಳು. ಸ್ಟೇರಿಂಗಿನ ಮೇಲೆ ಕೈಯಿಟ್ಟು ಮರುಳಸಿದ್ಧನ ತಪ್ಪುಗಳನ್ನು ನೆನೆಯುತ್ತಿದ್ದಳು. ಸುಳ್ಳು ಕಟ್ಟಿದರೆ ಯಂತ್ರ ಬಿಡದು, ನಿಜವೇ ಬೇಕು. ನಿಜಕ್ಕೇನೂ ಬರವಿರಲಿಲ್ಲ. ತವರಿನ ಓಲೆ ಮಾರಿ ಟೈರು ಹಾಕಿಸಿದ್ದು, ಕೇಳಿದ್ದಕ್ಕೆ ಬಾಡಿಗೆಯವರ ಮುಂದೆಯೇ ಕೆನ್ನೆಗೆ ಹೊಡೆದದ್ದು. ಜ್ವರದಲ್ಲಿ ನಡುಗುತ್ತಿದ್ದವಳನ್ನು ಕಡೂರಿನ ಬಸ್ ನಿಲ್ದಾಣದಲ್ಲಿ ಇಳಿಸಿ, ಒಳ್ಳೆಯ ಬಾಡಿಗೆ ಸಿಕ್ಕಿತೆಂದು ಹೊರಟುಹೋದದ್ದು. ಇವನ್ನೆಲ್ಲ ಅವಳು ಎಂದೋ ಕ್ಷಮಿಸಿದ್ದಳು. ಬರಿಯ ಕ್ಷಮೆಯಲ್ಲ, ಅದರ ಮೇಲೆ ವರ್ಷಗಟ್ಟಲೆ ಊಟ ಬಡಿಸಿದ್ದಳು, ತಲೆಗೆ ಎಣ್ಣೆ ಒತ್ತಿದ್ದಳು, ಕೊನೆಯ ದಿನಗಳಲ್ಲಿ ಮಲ ಬಾಚಿದ್ದಳು. ಈಗ ಹೆಣೆದ ಸ್ವೆಟರನ್ನು ಎಳೆ ಹಿಡಿದು ಬಿಚ್ಚುವಂತೆ ಒಂದೊಂದೇ ಕ್ಷಮೆಯನ್ನು ಹಿಂದಕ್ಕೆ ಬಿಚ್ಚಿದಳು. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಸಿಟ್ಟು. ಸಿಟ್ಟೂ ಒಂದು ಬಗೆಯ ಒಲವೇ ಎಂದು ಜೆರಾಕ್ಸ್ ಅಂಗಡಿಯ ಯಂತ್ರ ತೋರಿಸಿತು. ಕಡೆಗೆ ಒಂದು ಸಂಜೆ ಏನೂ ಬರಲಿಲ್ಲ. ಆಕಳಿಕೆ ಬಂತು.

ಅಷ್ಟರಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಹೀಗೆಯೇ ಒಲವು ಬಿಚ್ಚುವುದನ್ನು ಕಲಿತಿದ್ದರು. ಆ ಸಲದ ಆಯುಧಪೂಜೆಗೆ ಅರಸೀಕೆರೆಯಲ್ಲಿ ಒಂದು ಕಾರಿಗೂ ಹೂವೇರಲಿಲ್ಲ. ಬೂದುಗುಂಬಳಕಾಯಿ ಸಂತೆಯಲ್ಲಿ ಕೊಳೆಯಿತು.

ಮಾರನೆಯ ದಿನ ರೇವಣ್ಣ ಪಟ್ಟಿ ಸುತ್ತಿದ. ಸರ್ವಮಂಗಳ ಕೈಯಿಟ್ಟಳು. ಅಂಕಿ ಅಲುಗಾಡಲೇ ಇಲ್ಲ.

"ಸೊನ್ನೆ! ಭೇಷ್ ಕಣಮ್ಮ. ಸೊನ್ನೆ ಬಂದೋರಿಗೆ ಹೋದ ವರ್ಷದ ಬಾಕೀನೂ ವಜಾ. ಇನ್ನು ಲಂಡನ್ನಿಗೆ ಬೇಕಾದ್ರೂ ಹೋಗು."

ಬೇವಿನ ಮರದ ಕೆಳಗೆ ಡಾ. ಪರಶಿವಮೂರ್ತಿಗಳು ಈ ವರ್ಷವೂ ಕೂತಿದ್ದರು. ಮುಖ ಇಳಿದುಹೋಗಿತ್ತು.

"ಎಲ್ಲರಿಗೂ ಸೊನ್ನೆಯಮ್ಮ, ಇಡೀ ರಾಜ್ಯಕ್ಕೆ. ವಸೂಲಿ ಏನೂ ಇಲ್ಲ. ಮುಂದಿನ ವರ್ಷದಿಂದ ಈ ತೆರಿಗೆಯೇ ಇರುವುದಿಲ್ಲವಂತೆ."

"ಅದನ್ನ ಹೋದ ವರ್ಷ ಹೇಳಬಾರದಿತ್ತಾ ಸ್ವಾಮಿ?"

ಅವರು ಅವಳ ಕೈಯನ್ನೇ ನೋಡಿದರು. "ಪ್ರೀತಿ ಮತ್ತೆ ಹುಟ್ಟಬಹುದು. ಚರ್ಮಕ್ಕೆ ಆ ಗುಣವಿದೆ."

"ಹುಟ್ಟಿದ್ರೆ ನಿಮಗೇ ಮೊದಲು ಗೊತ್ತಾಗುತ್ತಲ್ಲ," ಎಂದು ಅವಳು ಕಾರು ಹತ್ತಿದಳು.

ಸೀದಾ ಹೊರಟಳು. ಹಾಸನ ದಾಟಿ, ಸಕಲೇಶಪುರ ದಾಟಿ, ಶಿರಾಡಿ ಘಾಟಿಯ ತಿರುವುಗಳನ್ನು ಶಮೀಮಕ್ಕ ಕಲಿಸಿದಂತೆಯೇ ಎರಡನೇ ಗೇರಿನಲ್ಲಿ ಇಳಿದಳು. ಸಂಜೆಯ ಹೊತ್ತಿಗೆ ಉಳ್ಳಾಲದಾಚೆ, ಮೀನುಗಾರರು ದೋಣಿ ಎಳೆಯುವ ಗಟ್ಟಿ ಮರಳಿನ ಹಾದಿ ಹಿಡಿದು ಸಮುದ್ರದ ಮುಂದೆ ಬಂದು ನಿಂತಳು. ದೊಡ್ಡದಿತ್ತು. ನೀರಿತ್ತು.

ಬಲೆ ಒಣಹಾಕುತ್ತಿದ್ದ ಮುದುಕನೊಬ್ಬ ಓಡಿಬಂದ. "ಮುಂದೆ ಹೋಗ್ಬೇಡಿ ಮಾರಾಯ್ರೆ! ಉಪ್ಪುನೀರು. ಗಾಡಿಗೆ ತುಕ್ಕು ಹಿಡೀತದೆ."

"ಹಿಡೀಲಿ ಬಿಡಿ."

"ಯಾರದ್ದು ಗಾಡಿ?"

ಸರ್ವಮಂಗಳ ಕ್ಷಣ ಯೋಚಿಸಿದಳು. "ನಂದೇ."

ಮೊದಲನೇ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನ ಬಿಟ್ಟಳು. ಹೆಬ್ಬೆರಳು ನುಣುಪಾದ ಜಾಗದಲ್ಲಿತ್ತು. ಅಲ್ಲಿಂದ ಏನಾದರೂ ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಅಲೆ ಬಂತು. ಮುಂದಿನ ಎರಡೂ ಗಾಲಿಗಳು ನೆನೆದವು.