ಗಂಟೆ ಹೊಡೆಯದ ಪಂದ್ಯ

ಬೆಳಿಗ್ಗೆ ವಿಜ್ಞಾನಿ ಬಂದಾಗ ಪ್ರಯೋಗಾಲಯದ ಬಾಗಿಲು ತೆರೆದೇ ಇತ್ತು. ಫ್ರೀಜರ್ ಅಡಿಯಿಂದ ನೀರು ಹೊಸ್ತಿಲವರೆಗೆ ಹರಿದಿತ್ತು. ಪ್ಲಗ್ ಕಿತ್ತು ಬಿದ್ದಿತ್ತು. ಕರೆಂಟು ಹೋದರೆ ಬಡಿಯಬೇಕಾದ ಎಚ್ಚರಿಕೆ ಗಂಟೆಯನ್ನು ಯಾರೋ ಬಂದ್ ಮಾಡಿದ್ದರು.

ಪಕ್ಕದ ಸ್ಟೂಲಿನ ಮೇಲೆ ಮುದುಕನೊಬ್ಬ ಕುಳಿತಿದ್ದ. ಒಂದು ಕಾಲದ ಬಾಕ್ಸರ್, ಈಗ ಇದೇ ಕಟ್ಟಡದ ಮರೆವಿನ ರೋಗಿ. ಎಲ್ಲರ ಬಾಯಲ್ಲೂ 'ಸುತ್ತಿಗೆ'. ಎರಡೂ ಅಂಗೈಗೆ, ಗಾಯಕ್ಕೆ ಕಟ್ಟುವಂಥ ಗಾಜ್ ಬಟ್ಟೆಯ ಪಟ್ಟಿ ಬಿಗಿಯಾಗಿ ಸುತ್ತಿತ್ತು.

"ಸುತ್ತಿಗೆಯಣ್ಣ, ಇಲ್ಲೇನ್ ಮಾಡ್ತಿದ್ದೀರಿ?"

"ಶ್! ಗಂಟೆ ಹೊಡೀಲಿ."

ಹಳೆಯ ಬಾಕ್ಸರುಗಳಿಂದ ವರ್ಷಗಟ್ಟಲೆ ಕೂಡಿಸಿ ಫ್ರೀಜರಿನಲ್ಲಿಟ್ಟ ರಕ್ತ ಕೆಟ್ಟುಹೋಗಿತ್ತು. ಅಭ್ಯಾಸದ ಹೊತ್ತಿನ ಪೆಟ್ಟುಗಳೇ ಮಿದುಳನ್ನು ತಿನ್ನುತ್ತವೆ ಎಂಬುದಕ್ಕೆ ವಿಜ್ಞಾನಿಯ ಬಳಿ ಇದ್ದ ಸಾಕ್ಷಿ ಅದು. ಅದನ್ನು ಮುಂದಿಟ್ಟು, ಎಳೆಯರ ತಲೆಗೆ ಹೊಡೆಯುವ ಅಭ್ಯಾಸವನ್ನೇ ನಿಲ್ಲಿಸಿ ಎಂದು ಕ್ರೀಡಾ ಮಂಡಳಿಯನ್ನು ಕೇಳುವವಳಿದ್ದಳು.

"ಇದಕ್ಕೆ ತನಿಖೆ ಬೇರೆ ಬೇಕಾ?" ಪೊಲೀಸರು ಬಂದಾಗ ಸಂಸ್ಥೆಯ ನಿರ್ದೇಶಕ ಗೊಣಗಿದ. "ಮಿದುಳು ಮರೆತರೂ ಕೈ ಮರೆಯೋದಿಲ್ಲ, ವಿಜ್ಞಾನಿ ಮೇಡಂ ಅವರೇ ಹೇಳ್ತಾರಲ್ಲ. ತಾನೇ ಪಟ್ಟಿ ಸುತ್ಕೊಂಡಿದ್ದಾನೆ, ತಾನೇ ಪ್ಲಗ್ ಕಿತ್ತಿದ್ದಾನೆ. ಇವತ್ತೇ ಬೀಗದ ವಾರ್ಡಿಗೆ ಹಾಕ್ತೀವಿ."

"ಬೀಗ ಹಾಕಿದ್ರೆ ಅಪ್ಪ ಉಳಿಯೋಲ್ಲ ಸಾರ್," ಎಂದಳು ಓಡಿ ಬಂದಿದ್ದ ಸುತ್ತಿಗೆಯ ಮಗಳು. "ನಡೆದಾಡೋದೊಂದೇ ಅವರಿಗೆ ಉಳಿದಿರೋದು."

ತಪ್ಪು ಹೊರಿಸಲು ಎದುರು ಮಾತಾಡಲಾರದವನೊಬ್ಬ ಸಿಕ್ಕರೆ ಸಾಕು, ದೊಡ್ಡವರ ತನಿಖೆ ಕಾಫಿ ಆರುವುದರೊಳಗೆ ಮುಗಿಯುತ್ತದೆ.

ಇನ್‌ಸ್ಪೆಕ್ಟರ್ ಮಾತ್ರ ಕುರ್ಚಿ ಎಳೆದುಕೊಂಡು ಮುದುಕನೆದುರು ಕುಳಿತಳು.

"ಇಲ್ಲಿ ಯಾರು ಕೂರಿಸಿದ್ರು, ತಾತಾ?"

"ಪಂದ್ಯ ಅಲ್ವಾ?"

"ಯಾರ ಜೊತೆ?"

"ಗಂಟೆ ಹೊಡೀಲಿ. ಬರ್ತಾನೆ."

"ಗೋಡೆ ಜೊತೆ ಮಾತಾಡಿ, ಬೇಗ ಉತ್ತರ ಬರುತ್ತೆ," ನಿರ್ದೇಶಕ ನಕ್ಕ.

ಅವಳು ಅವನತ್ತ ತಿರುಗಿದಳು. "ಈ ಸಂಶೋಧನೆ ನಿಮಗೆ ಬೇಡವಾಗಿತ್ತಂತೆ?"

"ಬೇಡ ಅಂದ್ರೆ ಒಂದು ಸಹಿಯಲ್ಲಿ ನಿಲ್ಲಿಸ್ತೀನಿ. ಬಗ್ಗಿ ಪ್ಲಗ್ ಯಾಕೆ ಕೀಳಲಿ?"

ಬಾಗಿಲ ಬಳಿ ಇಲ್ಲಿನ ವ್ಯಾಯಾಮ ವಿಭಾಗದ ಹಿರಿಯ ಕೋಚ್ ನಿಂತಿದ್ದ, ಒಂದು ಕಾಲಕ್ಕೆ ಸುತ್ತಿಗೆಯನ್ನು ಬಾಕ್ಸರಾಗಿ ಬೆಳೆಸಿದ ಗುರು. "ಪಾಪ, ಬಿಟ್ಬಿಡಿ ಮೇಡಂ. ನನ್ನ ಕೈಯಲ್ಲಿ ಬೆಳೆದ ಹುಡುಗ."

"ಕಡೇ ಸಲ ನೋಡಿದ್ದು ಯಾವಾಗ?"

"ವಾರ ಆಯ್ತು."

ಇನ್‌ಸ್ಪೆಕ್ಟರ್ ಮುದುಕನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಗಾಜ್ ಸುರುಳಿ, ಅಂಟುಪಟ್ಟಿಗಳನ್ನು ನಿರ್ದೇಶಕನ ಕೈಗಿಟ್ಟಳು.

"ಸುತ್ಕೊಳ್ಳಿ. ಎರಡೂ ಕೈಗೆ."

ಎಡಗೈ ಹೇಗೋ ಮುಗಿಯಿತು. ಬಲಗೈಗೆ ಬರುವಷ್ಟರಲ್ಲಿ, ಸುತ್ತಿದ ಬೆರಳುಗಳಿಂದ ಸುರುಳಿ ಜಾರಿ ನೀರಿಗೆ ಬಿತ್ತು.

"ಏನ್ರೀ ಇದು ತಮಾಷೆ?"

"ತಮಾಷೆಯಲ್ಲ ಸಾರ್. ತಾತನ ಎರಡೂ ಪಟ್ಟಿ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿವೆ. ಕಟ್ಟಿದ್ದು ಬೇರೆಯವರು." ಅವಳು ಮಗಳನ್ನು ಕೇಳಿದಳು: "ಅಪ್ಪ ಪಟ್ಟಿ ತಾವೇ ಕಟ್ಕೋತಿದ್ರಾ?"

"ಅಭ್ಯಾಸಕ್ಕೆ ಬಟ್ಟೆಪಟ್ಟಿ, ತಾವೇ. ಪಂದ್ಯದ ದಿನ ಮಾತ್ರ ಗಾಜ್. ಅದನ್ನ—" ಅವಳ ಕಣ್ಣು ಬಾಗಿಲತ್ತ ಹೋಯಿತು. "ಅದನ್ನ ಗುರುಗಳೇ ಕಟ್ತಿದ್ರು."

ಇನ್‌ಸ್ಪೆಕ್ಟರ್ ಬಾಗಿಲತ್ತ ತಿರುಗಿದಳು.

"ಪ್ಲಗ್ ಕಿತ್ತಿದ್ದು ನೀವು, ಕೋಚ್," ಎಂದಳು ಇನ್‌ಸ್ಪೆಕ್ಟರ್. "ಆಗ ಇವರು ನಡೀತಾ ಇತ್ತ ಬಂದ್ರು. ಪಟ್ಟಿ ಕಟ್ಟಿದ್ರೆ ಗಂಟೆ ಹೊಡೆಯೋವರೆಗೂ ಕದಲೋಲ್ಲ, ಅದು ನಿಮಗೆ ಗೊತ್ತು. ತಪ್ಪು ಇವರ ಮೇಲೆ ಬರಲಿ ಅಂತ, ಪಂದ್ಯ ಇದೆ ಅಂದು ಕೂರಿಸಿದ್ರಿ. ಹೊಡೆಯಬೇಕಾದ ಗಂಟೆಯನ್ನ ನೀವೇ ಮೊದಲೇ ಬಂದ್ ಮಾಡಿದ್ರಿ. ಹೇಗೇಗೋ ಸುತ್ತಿದ್ರೆ ಸಿಕ್ಕಿಬೀಳ್ತಿರಲಿಲ್ಲ. ಆದ್ರೆ ನಿಮ್ಮ ಬೆರಳು ಕೇಳಲಿಲ್ಲ. ಗೆಣ್ಣಿನ ಮೇಲೆ ಮಡಿಕೆ, ಬೆರಳ ಸಂದಿಯಲ್ಲಿ ಅಂಟು... ಪಂದ್ಯದ ಪಟ್ಟಿಯನ್ನೇ ಕಟ್ಟಿದ್ವು. ಕೈ ಮರೆಯೋದಿಲ್ಲ ಅನ್ನೋ ಮಾತನ್ನ ಎಲ್ಲರೂ ತಾತನಿಗೆ ಹೊಂದಿಸಿದ್ರು. ಅದು ಕಟ್ಟಿದವನಿಗೂ ಸಲ್ಲುತ್ತೆ."

ಕೋಚ್ ಗೋಡೆಗೊರಗಿದ. "ಹುಡುಗರು ತಲೆ ಸುತ್ತುತ್ತೆ ಗುರುಗಳೇ ಅಂತಿದ್ರು. ಗಂಡಸಲ್ವಾ, ಹೋಗು ಅಂತ ರಿಂಗಿಗೆ ತಳ್ತಿದ್ದೆ. ಒಬ್ಬನನ್ನಲ್ಲ. ಆ ರಕ್ತ ಹೇಳ್ತಿದ್ದದ್ದು ನನ್ನ ಹೆಸರೇ."

"ಲೋಕವನ್ನೇ ಮರೆತವರು, ನಿಮ್ಮನ್ನ ನಂಬೋದನ್ನ ಮರೆತಿರಲಿಲ್ಲ," ಎಂದಳು ವಿಜ್ಞಾನಿ. "ಅದನ್ನೂ ಬಳಸ್ಕೊಂಡ್ರಲ್ಲ!"

ನಿರ್ದೇಶಕ ಕೈಗೆ ಅಂಟಿದ ಗಾಜ್ ಕೀಳುತ್ತ ತಲೆ ತಗ್ಗಿಸಿದ. ಬೀಗದ ವಾರ್ಡಿನ ಮಾತು ಮತ್ತೆ ಬರಲಿಲ್ಲ. ಇನ್‌ಸ್ಪೆಕ್ಟರ್ ಕೋಚ್‌ನ ಕೈಗಳಿಗೆ ಕೋಳ ತೊಡಿಸಿದಳು.

ಮುದುಕ ಇನ್ನೂ ಕಾಯುತ್ತಲೇ ಇದ್ದ. ವಿಜ್ಞಾನಿ ಎಚ್ಚರಿಕೆ ಗಂಟೆಯ ಗುಂಡಿ ಒತ್ತಿದಳು. ಅದು ಕಟ್ಟಡವೆಲ್ಲ ಕೇಳುವಂತೆ ಬಡಿಯಿತು.

ಸುತ್ತಿಗೆ ಎದ್ದ. ಎದುರಾಳಿಗಾಗಿ ಸುತ್ತ ನೋಡಿದ. ನೇರ ಕೋಚ್ ಬಳಿಗೆ ನಡೆದು, ಕೋಳ ಬಿದ್ದ ಆ ಕೈಗಳಿಗೆ ತನ್ನ ಎರಡೂ ಮುಷ್ಟಿಗಳನ್ನು ಮೆಲ್ಲಗೆ ತಾಗಿಸಿದ. ಹೊಡೆದಾಟಕ್ಕೆ ಮುಂಚೆ ಎದುರಾಳಿಗೆ ಸಲ್ಲಿಸುವ ಗೌರವ ಅದು.

ಗುರು ತಲೆ ಎತ್ತಲಿಲ್ಲ.